ತೋಟದ ದುಡ್ಡು ತೋಟದಾಚೆಗೆ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರ ಕೈಯಲ್ಲಿ ನಾಲ್ಕು ಕಾಸು ಉಳಿದರೆ ಮೊದಲು ಹೊಳೆಯುವುದು ಇನ್ನೊಂದೆಕರೆ ತೋಟ, ಇಲ್ಲವೇ ಶಿವಮೊಗ್ಗದಲ್ಲೊಂದು ಸೈಟು. ನಾನು ಎರಡನ್ನೂ ಕೊಂಡಿದ್ದೇನೆ, ಷೇರುಪೇಟೆಯ ಇಂಡೆಕ್ಸ್ ಫಂಡಿಗೂ ವರ್ಷಗಳಿಂದ ಹಣ ಹಾಕುತ್ತ ಬಂದಿದ್ದೇನೆ. ಅದರಿಂದ ಕಲಿತದ್ದು ಇಷ್ಟು.

1. ತೋಟವೂ ಹೂಡಿಕೆಯೇ, ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ನಮ್ಮ ಆಸ್ತಿಯ ಬಹುಪಾಲು ಆಗಲೇ ಭೂಮಿಯಲ್ಲಿದೆ, ಅದೂ ಒಂದೇ ಬೆಳೆಯನ್ನು ನಂಬಿಕೊಂಡು. ಪಕ್ಕದ ತೋಟ ಕೊಂಡರೆ ಎಕರೆ ಹೆಚ್ಚುತ್ತದೆ, ಅಪಾಯ ಹಂಚಿಹೋಗುವುದಿಲ್ಲ. ಆಷಾಢದ ಮಳೆಗೆ ಕೊಳೆ ಬಂದರೆ ಎರಡಕ್ಕೂ ಬರುತ್ತದೆ, ಎಲೆಚುಕ್ಕಿ ಬೇಲಿ ನೋಡಿ ನಿಲ್ಲುವುದಿಲ್ಲ. 2014ರಲ್ಲಿ ಧಾರಣೆ ಹಾರಿದ್ದೂ ಆಮೇಲೆ ಕುಸಿದದ್ದೂ ಎಲ್ಲರಿಗೂ ನೆನಪಿದೆ. ಆ ಏರಿಕೆ ನಂಬಿ ಸಾಲ ಮಾಡಿ ತೋಟ ಕೊಂಡವರು ಕಂತು ಕಟ್ಟಲು ಪಟ್ಟ ಪಾಡನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನಿಫ್ಟಿ ಇಂಡೆಕ್ಸ್ ಫಂಡಿನ ಹಣವಾದರೆ ಬ್ಯಾಂಕು, ಸಾಫ್ಟ್‌ವೇರ್, ಔಷಧಿ, ವಾಹನ ಎಂದು 50 ಕಂಪನಿಗಳಲ್ಲಿ ಹರಡಿಕೊಳ್ಳುತ್ತದೆ. 1995ರ ನವೆಂಬರಿನಲ್ಲಿ 1000 ಎಂದು ಲೆಕ್ಕ ಹಿಡಿದ ಸೂಚ್ಯಂಕ 2024ರ ಸೆಪ್ಟೆಂಬರಿನಲ್ಲಿ 26,000 ದಾಟಿತು. ಡಿವಿಡೆಂಡ್ ಬಿಟ್ಟೇ ವರ್ಷಕ್ಕೆ ಶೇ. 12ರ ಆಸುಪಾಸು ಬಂದಂತಾಯಿತು. ಮುಂದೆಯೂ ಹಾಗೇ ಬರುತ್ತದೆಂದು ಯಾರೂ ಬರೆದುಕೊಡುವುದಿಲ್ಲ. ಆದರೂ ತೋಟ ಇರುವವರ ಮುಂದಿನ ಉಳಿತಾಯ ತೋಟದಾಚೆಗೆ ಹೋಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

2. ಜಾಗ ಕೊಳ್ಳುವುದಾದರೆ ಗಡಿಯನ್ನು ನಡೆದೇ ನೋಡಿ.

ನಮ್ಮಲ್ಲಿ ಪಹಣಿ ಸರಿಯಿದ್ದರೆ ಸಾಲದು. ಮಾರುವವರು ತೋಟದ ಜೊತೆ ಮೇಲಿನ ಸೊಪ್ಪಿನಬೆಟ್ಟವನ್ನೂ ಕೈಬೀಸಿ ತೋರಿಸುತ್ತಾರೆ. ಆದರೆ ಬೆಟ್ಟದ ಮೇಲೆ ಇರುವುದು ಸೊಪ್ಪು, ದರಕು ತರುವ ಸವಲತ್ತು ಮಾತ್ರ, ಅದರ ಒಡೆತನವಲ್ಲ. ಒಮ್ಮೆ ಸರ್ವೆಯವರ ಜೊತೆ ಹಳೆಯ ಅಗಳದ ಗುಂಟ ಹೋದಾಗ ಫಲ ಬಿಡುತ್ತಿದ್ದ ಮೂರು ಸಾಲು ಅಡಿಕೆಮರ ನಕ್ಷೆಯ ಗೆರೆಯಿಂದ ಆಚೆ, ಅರಣ್ಯದಲ್ಲಿ ನಿಂತಿದ್ದವು. ಬೆಲೆ ಮಾತಾಡುವಾಗ ಆ ಮರಗಳೂ ಲೆಕ್ಕದಲ್ಲಿದ್ದವು! ಪೋಡಿ ಆಗಿದೆಯೇ, ಬಗರ್‌ಹುಕುಂ ಅಥವಾ ದರಖಾಸ್ತಿನ ಜಮೀನಾದರೆ ಪರಭಾರೆಗೆ ನಿರ್ಬಂಧ ಇದೆಯೇ, ಪಿತ್ರಾರ್ಜಿತವಾದರೆ ಹೆಣ್ಣುಮಕ್ಕಳ ಸಹಿ ಇದೆಯೇ, ಎಲ್ಲವನ್ನೂ ಮುಂಗಡ ಕೊಡುವ ಮೊದಲೇ ಕೇಳಬೇಕು. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮನೆಮಠ ಮುಳುಗಿಸಿಕೊಂಡು ಬಂದ ಎಷ್ಟೋ ಕುಟುಂಬಗಳಿಗೆ ಅರವತ್ತು ವರ್ಷ ಕಳೆದರೂ ಹಕ್ಕುಪತ್ರ ಕೈಸೇರಿಲ್ಲ. ಈ ಸೀಮೆಯಲ್ಲಿ ಭೂಮಿ ಎಂದರೆ ಮೊದಲು ಕಾಗದ.

3. ಸುದ್ದಿಯ ಬೆಲೆ ಕೊಡಬೇಡಿ.

2023ರ ಫೆಬ್ರವರಿಯಲ್ಲಿ ಸೋಗಾನೆ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು, 2025ರ ಜುಲೈನಲ್ಲಿ ಸಿಗಂದೂರು ಸೇತುವೆ. ಇಂಥದ್ದು ಬರುವ ವಿಷಯ ಊರಿಗೆಲ್ಲ ಗೊತ್ತಾದ ಮೇಲೆ ದಲ್ಲಾಳಿ ಹೇಳುವ ದರದಲ್ಲಿ ಮುಂದಿನ ಹತ್ತು ವರ್ಷದ ಏರಿಕೆಯೂ ಸೇರಿರುತ್ತದೆ.

4. ಬಾಡಿಗೆಯನ್ನು ಕೂತು ಲೆಕ್ಕ ಹಾಕಿ.

60 ಲಕ್ಷದ ಮನೆಗೆ ತಿಂಗಳಿಗೆ 12,000 ಬಾಡಿಗೆ ಬಂದರೆ ವರ್ಷಕ್ಕೆ ಶೇ. 2.4 ಆಯಿತು. ಅದರಲ್ಲೇ ಕಂದಾಯ, ಸುಣ್ಣಬಣ್ಣ, ಖಾಲಿ ಬಿದ್ದ ತಿಂಗಳು ಕಳೆಯಬೇಕು. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕವೇ ಶೇ. 2, ಮುದ್ರಾಂಕದ ಖರ್ಚು ಬೇರೆ. ಮಕ್ಕಳು ಆ ಮನೆಯಲ್ಲೇ ಇರುತ್ತಾರೆಂದಾದರೆ ಮನೆ ಕೊಳ್ಳಿ, ಅದಕ್ಕೆ ಬೆಲೆ ಕಟ್ಟಲಾಗದು.

5. ಕೊನೆಕೊಯ್ಲಿನ ದುಡ್ಡಿಗೆ ಸಂಬಳದವರ ತಿಂಗಳ ಕಂತಿನ ಎಸ್‌ಐಪಿ ಒಗ್ಗುವುದಿಲ್ಲ.

ನಮಗೆ ಹಣ ಬರುವುದು ಸೊಸೈಟಿಯಲ್ಲೋ ಮಂಡಿಯಲ್ಲೋ ಅಡಿಕೆ ಬಿಟ್ಟಾಗ. ಮಳೆಗಾಲದಲ್ಲಿ ಖಾತೆ ಬರಿದಾಗಿ ಕಂತು ತಪ್ಪಿದರೆ ಬ್ಯಾಂಕಿನ ದಂಡ ಬೇರೆ. ಮೊದಲು ಒಂದು ವರ್ಷದ ಮನೆಖರ್ಚು, ಮೈಲುತುತ್ತ, ಸುಣ್ಣ, ಔಷಧಿ ಹೊಡೆಯುವವರ ಕೂಲಿ ತೆಗೆದಿಡಿ. ಉಳಿದದ್ದನ್ನು ಲಿಕ್ವಿಡ್ ಫಂಡಿನಲ್ಲಿಟ್ಟು, ಅಲ್ಲಿಂದ ಅದೇ ಸಂಸ್ಥೆಯ ಇಂಡೆಕ್ಸ್ ಫಂಡಿಗೆ ತಿಂಗಳು ತಿಂಗಳು ಸಾಗುವಂತೆ ಎಸ್‌ಟಿಪಿ ಬರೆದುಕೊಡಿ. ಮಧ್ಯವರ್ತಿಯ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್ ಸಾಕು.

6. ಬಿದ್ದಾಗ ಮಾರಬೇಡಿ.

2020ರ ಜನವರಿಯಲ್ಲಿ 12,400 ಮುಟ್ಟಿದ್ದ ನಿಫ್ಟಿ ಮಾರ್ಚ್ 24ರಂದು 7,500ರ ಹತ್ತಿರ ಬಂತು. ಆ ವರ್ಷ ಮುಗಿಯುವ ಮೊದಲೇ ಹಳೆಯ ಮಟ್ಟ ದಾಟಿತು. ಧಾರಣೆ ಬಿದ್ದಾಗ ಅಡಿಕೆ ಚೀಲ ಅಟ್ಟಕ್ಕೇರಿಸಿ ಕಾಯುವ ತಾಳ್ಮೆ ನಮ್ಮವರಿಗೆ ಇದ್ದೇ ಇದೆ, ಇಲ್ಲೂ ಅದೇ ಬೇಕು. ಐದಾರು ವರ್ಷದೊಳಗೆ ಮದುವೆಗೋ ಮನೆಗೋ ಬೇಕಾದ ಹಣವನ್ನು ಮಾತ್ರ ಇಲ್ಲಿ ಹಾಕಲೇಬೇಡಿ.

7. ಹೆಸರುಗಳನ್ನು ಸರಿಮಾಡಿ.

ನಮ್ಮ ಹಳ್ಳಿಗಳಲ್ಲಿ ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿರುವ ಮನೆಗಳು ಬೇಕಾದಷ್ಟಿವೆ. ಫಂಡಿಗೆ ನಾಮಿನಿ ಬರೆಯದವರೂ ಇದ್ದಾರೆ, ಬರೆದರೂ ಹೆಂಡತಿಗೆ ಹೇಳದವರು ಇನ್ನೂ ಹೆಚ್ಚು. ನಾಮಿನಿ ಎಂದರೆ ಹಣ ಪಡೆದುಕೊಳ್ಳುವವರು, ಅಷ್ಟಕ್ಕೇ ವಾರಸುದಾರರಾಗುವುದಿಲ್ಲ. ಹಾಗಾಗಿ ಉಯಿಲೂ ಬೇಕು. ದಯವಿಟ್ಟು ಈ ಮಳೆಗಾಲದೊಳಗೆ ನಾಡಕಚೇರಿಗೆ ಹೋಗಿ ಪೌತಿ ಖಾತೆಗೆ ಅರ್ಜಿ ಕೊಡಿ, ಫಂಡಿನ ಫೋಲಿಯೊ ನಂಬರುಗಳನ್ನು ಒಂದು ಹಾಳೆಯಲ್ಲಿ ಬರೆದು ಮನೆಯವರ ಕೈಗೆ ಕೊಡಿ.