ಎರಕದ ಗುಂಡೋ, ಕಾರ್ಖಾನೆಯ ಗುಂಡೋ?

ಬೆಳೆ ಕಾಯಲು ಬಾಯಿಂದ ಮದ್ದು ತುಂಬುವ ಬಂದೂಕಿಗೆ ಪರವಾನಗಿ ಪಡೆಯಲು 1959ರ ಶಸ್ತ್ರಾಸ್ತ್ರ ಕಾಯಿದೆಯಲ್ಲಿ ಅವಕಾಶವುಂಟು. ಆದರೆ ಕಡಲೆಕಾಯಿ ಹೊಲಕ್ಕೆ ನುಗ್ಗಿದ ಹಂದಿಯನ್ನು ಹೊಡೆಯಲು ಅರಣ್ಯ ಇಲಾಖೆಯ ಅಪ್ಪಣೆ ಬೇರೆ ಬೇಕು.

ಕಾರ್ಖಾನೆಯಲ್ಲಿ ಸೀಸವನ್ನು ಒತ್ತಿ ಗುಂಡು ಮಾಡುವುದರಿಂದ ಒಳಗೆ ಪೊಳ್ಳು ಉಳಿಯದು. ಮನೆಯಲ್ಲಿ ಅಚ್ಚಿಗೆ ಎರೆದುದರಲ್ಲಿ ಉಳಿಯುವುದುಂಟು. ಹೊರಗೆ ಎಷ್ಟು ಹೊಳೆದರೇನು! ತೂಗಿ ನೋಡಿರಿ. ಅರ್ಧ ಅಂಗುಲ ವ್ಯಾಸದ ಶುದ್ಧ ಸೀಸದ ಗುಂಡು ಸುಮಾರು 12 ಗ್ರಾಂ ತೂಗಬೇಕು. ತೂಕ ಸರಿಯಿದ್ದರೆ, ನುಣುಪು ನಳಿಗೆಯಲ್ಲಿ ಹತ್ತಿರದ ಗುರಿಗೆ ಎರಡಕ್ಕೂ ಹೆಚ್ಚು ಭೇದವಿಲ್ಲ.

ನಿಜವಾದ ಭೇದವಿರುವುದು ಒಲೆಯ ಬಳಿ. ಸೀಸ ಕರಗುವುದು 327 ಡಿಗ್ರಿ ಸೆಂಟಿಗ್ರೇಡಿನಲ್ಲಿ; ಅದರೊಳಗೆ ಹನಿ ನೀರು ಸಿಕ್ಕಿಕೊಂಡರೂ ಸಿಡಿದು ಕಣ್ಣು ಹೋದೀತು. ಅದರ ಹೊಗೆಯೂ ಧೂಳೂ ಮಕ್ಕಳ ಮಿದುಳಿಗೆ ವಿಷ. ಆದುದರಿಂದ ಅಡಿಗೆಮನೆಯಲ್ಲಾಗಲಿ ಅಡಿಗೆಯ ಪಾತ್ರೆಯಲ್ಲಾಗಲಿ ಸೀಸ ಕರಗಿಸಕೂಡದು. ಮನೆಯಿಂದ ದೂರ ಬಯಲಿನ ಜಾಗವಿಲ್ಲದವರು ಕಾರ್ಖಾನೆಯದನ್ನೇ ಕೊಳ್ಳಲಿ. ಹಳೆಯ ಬ್ಯಾಟರಿಯ ಸೀಸವನ್ನಂತೂ ಮುಟ್ಟಲೇಬೇಡಿರಿ. ಅದರಲ್ಲಿ ಆಮ್ಲ ಸೇರಿರುತ್ತದೆ.