ಕಾಗದಕ್ಕೂ ಒಂದು ದಿಕ್ಕಿದೆ!

ಮಕ್ಕಳೇ, ಕಳೆದ ವರ್ಷದ ನಿಮ್ಮ ನೋಟುಪುಸ್ತಕಗಳನ್ನು ಒಮ್ಮೆ ತೆರೆದು ನೋಡಿ. ಕೊನೆಯಲ್ಲಿ ಬರೆಯದ ಕೆಲವು ಹಾಳೆಗಳು ಉಳಿದಿರುತ್ತವೆ, ಅಲ್ಲವೇ? ಐದು ಪುಸ್ತಕಗಳಲ್ಲಿ ತಲಾ 8 ಹಾಳೆ ಉಳಿದಿದ್ದರೂ ಒಟ್ಟು 40 ಹಾಳೆ, ಅಂದರೆ 80 ಪುಟಗಳಾದವು. ಇವನ್ನು ರದ್ದಿಗೆ ಹಾಕುವ ಬದಲು ಹೊಲಿದು ರಟ್ಟು ಹಾಕಿದರೆ ಒಂದು ಹೊಸ ಪುಸ್ತಕವೇ ಸಿದ್ಧವಾಗುತ್ತದೆ.

ಆದರೆ ಮನೆಯಲ್ಲಿ ಮೊದಲ ಸಲ ಬೈಂಡ್ ಮಾಡಿದವರದು ಒಂದು ದೂರು ಇರುತ್ತದೆ: “ಅಂಟಿಸಿದಾಗ ಚೆನ್ನಾಗಿಯೇ ಇತ್ತು. ಬೆಳಗ್ಗೆ ನೋಡಿದರೆ ರಟ್ಟು ಹಪ್ಪಳದಂತೆ ಬಾಗಿತ್ತು!” ಹೀಗೇಕಾಗುತ್ತದೆ? ತಿಳಿಯಲು ಒಂದು ಚಿಕ್ಕ ಪ್ರಯೋಗ ಮಾಡೋಣ.

ಹರಿದು ನೋಡಿ

ಹಳೆಯ ದಿನಪತ್ರಿಕೆಯ ಒಂದು ಹಾಳೆಯನ್ನು ಮೇಲಿನಿಂದ ಕೆಳಕ್ಕೆ ಹರಿಯಿರಿ. ಅದು ಹೆಚ್ಚುಕಡಿಮೆ ನೇರವಾಗಿ ಹರಿಯುತ್ತದೆ. ಈಗ ಎಡದಿಂದ ಬಲಕ್ಕೆ ಹರಿಯಿರಿ. ಈ ಸಲ ಅಂಕುಡೊಂಕಾಗಿ ಹರಿಯುತ್ತದೆ. ಒಂದೇ ಕಾಗದ, ಎರಡು ಬಗೆಯ ವರ್ತನೆ!

ಕಾಗದ ಸಣ್ಣ ಸಣ್ಣ ನಾರುಗಳಿಂದ ಆದದ್ದು. ದಾಂಡೇಲಿಯಲ್ಲಿರುವಂಥ ಕಾಗದದ ಕಾರ್ಖಾನೆಗಳಲ್ಲಿ ಮರದ ನಾರನ್ನು ನೀರಿನಲ್ಲಿ ತೆಳ್ಳಗೆ ಕಲಸಿ, ಓಡುತ್ತಿರುವ ಜಾಲರಿಯ ಮೇಲೆ ಹರಿಸುತ್ತಾರೆ. ಹೊಳೆಯಲ್ಲಿ ತೇಲುವ ಹುಲ್ಲುಕಡ್ಡಿಗಳಂತೆ ಹೆಚ್ಚಿನ ನಾರುಗಳು ಓಟದ ದಿಕ್ಕಿಗೇ ಉದ್ದವಾಗಿ ಮಲಗುತ್ತವೆ. ಇದೇ ಕಾಗದದ ನಾರಿನ ದಿಕ್ಕು.

ಒದ್ದೆಯಾದಾಗ ನಾರು ಉಬ್ಬಿ ದಪ್ಪವಾಗುತ್ತದೆ. ಆದರೆ ಅದರ ಉದ್ದ ಬಹಳ ಕಡಿಮೆ ಹೆಚ್ಚುತ್ತದೆ. ಆದ್ದರಿಂದ ಅಂಟು ಹಚ್ಚಿದ ಕಾಗದ ನಾರಿಗೆ ಅಡ್ಡವಾದ ದಿಕ್ಕಿನಲ್ಲಿ ಹಿಗ್ಗುತ್ತದೆ. ಒಣಗುವಾಗ ಕುಗ್ಗುತ್ತಾ ತಾನು ಅಂಟಿಕೊಂಡ ರಟ್ಟನ್ನೂ ಎಳೆಯುತ್ತದೆ. ರಟ್ಟು ಬಾಗುವುದು ಇದರಿಂದಲೇ. ಇದನ್ನು ತಡೆಯಲು ಎರಡು ಉಪಾಯಗಳಿವೆ.

1. ರಟ್ಟಿನ ಮತ್ತು ಅಂಟಿಸುವ ಕಾಗದದ ನಾರಿನ ದಿಕ್ಕು ಪುಸ್ತಕದ ಬೆನ್ನಿನ ಉದ್ದಕ್ಕೆ ಇರಲಿ.
2. ರಟ್ಟಿನ ಎರಡೂ ಬದಿಗೆ ಕಾಗದ ಅಂಟಿಸಿ. ಹೊರಗಿನ ಎಳೆತಕ್ಕೆ ಒಳಗಿನ ಎಳೆತ ಸರಿಸಮವಾಗುತ್ತದೆ.

ಬೇಕಾಗುವ ಸಾಮಗ್ರಿಗಳು

ಬರೆಯದ 40 ಹಾಳೆಗಳು, ಮಧ್ಯಕ್ಕೆ ಮಡಚಿದ ಎರಡು ಜೋಡಿ ಹಾಳೆಗಳು, ಅಂಗಿಯ ಪೆಟ್ಟಿಗೆಯಲ್ಲಿ ಸಿಗುವಂಥ ರಟ್ಟು, 8 ಸೆಂ.ಮೀ. ಅಗಲದ ಹತ್ತಿ ಬಟ್ಟೆಯ ಪಟ್ಟಿ, ದಪ್ಪ ದಾರ, ಸೂಜಿ, ಸಣ್ಣ ಮೊಳೆ, ಸುತ್ತಿಗೆ, ಮರದ ಹಲಗೆ, ಮೈದಾಹಿಟ್ಟು.

ಅಂಟು ತಯಾರಿಸುವ ವಿಧಾನ

ಒಂದು ಭಾಗ ಮೈದಾಹಿಟ್ಟಿಗೆ ಐದು ಭಾಗ ತಣ್ಣೀರು ಸೇರಿಸಿ, ಗಂಟಿಲ್ಲದಂತೆ ಕಲಸಿ. ಹಿರಿಯರ ಸಹಾಯದಿಂದ ಸಣ್ಣ ಉರಿಯಲ್ಲಿ ಕೈಬಿಡದೆ ಕದಡಿ. ಹಿಟ್ಟಿನಲ್ಲಿರುವ ಪಿಷ್ಟದ ಕಣಗಳು ತಣ್ಣೀರಿನಲ್ಲಿ ಕರಗುವುದಿಲ್ಲ. ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಅವು ನೀರು ಹೀರಿ ಉಬ್ಬಿ ಒಡೆಯುತ್ತವೆ. ಆಗ ಗಂಜಿ ಗಟ್ಟಿಯಾಗಿ ಅಂಟಾಗುತ್ತದೆ. ಆರಿದ ಮೇಲೆ ಬಳಸಿ.

ಎಚ್ಚರಿಕೆ: ಹುಳು, ಬೂಷ್ಟು ಹಿಡಿಯದಿರಲೆಂದು ಬೈಂಡರುಗಳು ಅಂಟಿಗೆ ಮೈಲುತುತ್ತ ಸೇರಿಸುವುದುಂಟು. ಅದು ವಿಷ. ನೀವು ಬಳಸಬೇಡಿ. ಬೇಕಾದಷ್ಟೇ ಅಂಟು ಮಾಡಿ, ಅಂದೇ ಮುಗಿಸಿ.

ಮಾಡುವ ವಿಧಾನ

1. ಹಾಳೆಗಳ ಅಂಚು ಸಮ ಮಾಡಿ ಜೋಡಿಸಿ. ಕಟ್ಟಿನ ಮೇಲೊಂದು, ಕೆಳಗೊಂದು ಜೋಡಿ ಹಾಳೆ ಇಡಿ. ಮಡಿಕೆ ಬೆನ್ನಿನ ಕಡೆಗಿರಲಿ.

2. ಬೆನ್ನಿನಿಂದ 1 ಸೆಂ.ಮೀ. ಒಳಗೆ ಗೆರೆ ಎಳೆದು, ಸಮದೂರದಲ್ಲಿ ಐದು ಗುರುತು ಮಾಡಿ. ಕಟ್ಟನ್ನು ಹಲಗೆಯ ಮೇಲಿಟ್ಟು, ಹಿರಿಯರಿಂದ ಮೊಳೆ ಹೊಡೆಸಿ ತೂತು ಮಾಡಿಸಿ.

3. ಒಂದನೇ ತೂತಿನಲ್ಲಿ ಸೂಜಿಯನ್ನು ಮೇಲಿನಿಂದ ಇಳಿಸಿ. ದಾರದ ತುದಿ ಸ್ವಲ್ಪ ಮೇಲೆ ಉಳಿದಿರಲಿ. ಎರಡರಲ್ಲಿ ಹತ್ತಿಸಿ, ಮೂರರಲ್ಲಿ ಇಳಿಸಿ, ನಾಲ್ಕರಲ್ಲಿ ಹತ್ತಿಸಿ, ಐದರಲ್ಲಿ ಇಳಿಸಿ. ಈಗ ಅದೇ ರೀತಿ ಹಿಂದಕ್ಕೆ ಬನ್ನಿ. ನಾಲ್ಕರಲ್ಲಿ ಹತ್ತಿಸಿ, ಮೂರರಲ್ಲಿ ಇಳಿಸಿ, ಎರಡರಲ್ಲಿ ಹತ್ತಿಸಿ. ಹೋಗುವಾಗ ಬಿಟ್ಟ ಜಾಗಗಳೆಲ್ಲ ಬರುವಾಗ ತುಂಬುತ್ತವೆ. ಒಂದನೇ ತೂತಿನ ಬಳಿ ಎರಡೂ ತುದಿಗಳನ್ನು ಬಿಗಿಯಾಗಿ ಗಂಟು ಹಾಕಿ.

4. ರಟ್ಟನ್ನು ಎರಡೂ ದಿಕ್ಕಿಗೆ ಮೆಲ್ಲನೆ ಬಾಗಿಸಿ ನೋಡಿ. ಸುಲಭವಾಗಿ ಬಾಗಿದಾಗ ಉಂಟಾಗುವ ಮಡಿಕೆಯ ದಿಕ್ಕೇ ನಾರಿನ ದಿಕ್ಕು. ಅದು ಬೆನ್ನಿನ ಉದ್ದಕ್ಕೆ ಬರುವಂತೆ ಎರಡು ರಟ್ಟು ಕತ್ತರಿಸಿ.

5. ರಟ್ಟನ್ನು ಹೊಲಿಗೆಯಿಂದ ಅರ್ಧ ಸೆಂ.ಮೀ. ಆಚೆಗೆ ಇರಿಸಿ, ಜೋಡಿ ಹಾಳೆಯ ಹೊರಭಾಗಕ್ಕೆ ಅಂಟಿಸಿ. ನಡುವೆ ಬಿಟ್ಟ ಜಾಗವೇ ಪುಸ್ತಕ ತೆರೆಯಲು ಬಾಗಿಲಿನ ಕೀಲಿದ್ದಂತೆ. ಬೆನ್ನಿಗೆ ಬಟ್ಟೆಯ ಪಟ್ಟಿ ಅಂಟಿಸಿ, ಎರಡೂ ರಟ್ಟಿನ ಮೇಲೆ ಹರಡಿ. ರಟ್ಟಿನ ಉಳಿದ ಭಾಗಕ್ಕೆ ಬಣ್ಣದ ಕಾಗದ ಹಚ್ಚಿ.

6. ರಟ್ಟಿನ ಮತ್ತು ಹಾಳೆಗಳ ನಡುವೆ ಒಣ ಕಾಗದ ಇಟ್ಟು, ಮೇಲೆ ಭಾರ ಹೇರಿ, ಒಂದು ರಾತ್ರಿ ಬಿಡಿ. ಅವಸರಪಟ್ಟು ಬಿಸಿಲಿಗೆ ಇಡಬೇಡಿ. ಒಂದು ಬದಿ ಮೊದಲು ಒಣಗಿ ರಟ್ಟು ಬಾಗೀತು.

ಯಾವುದಾದರೂ ಗಟ್ಟಿ ರಟ್ಟಿನ ಪುಸ್ತಕ ತೆರೆದು ನೋಡಿ. ರಟ್ಟಿನ ಒಳಬದಿಗೂ ಒಂದು ಹಾಳೆ ಅಂಟಿಸಿರುತ್ತಾರೆ. ಅದು ಬರೀ ಅಂದಕ್ಕಲ್ಲವೆಂದು ಈಗ ನಿಮಗೆ ಗೊತ್ತಾಯಿತಲ್ಲವೇ?

ಮಾಡಿ ನೋಡಿ, ಉತ್ತರಿಸಿ

• ಒಂದೇ ಅಳತೆಯ ಎರಡು ರಟ್ಟಿನ ತುಂಡು ತೆಗೆದುಕೊಳ್ಳಿ. ಒಂದಕ್ಕೆ ಒಂದೇ ಬದಿಗೆ, ಇನ್ನೊಂದಕ್ಕೆ ಎರಡೂ ಬದಿಗೆ ಕಾಗದ ಅಂಟಿಸಿ. ಮರುದಿನ ಯಾವುದು ಬಾಗಿದೆ? ಯಾವ ಕಡೆಗೆ?
• ನಿಮ್ಮ ತರಗತಿಯವರೆಲ್ಲರ ಹಳೆಯ ನೋಟುಪುಸ್ತಕಗಳಲ್ಲಿ ಬರೆಯದೆ ಉಳಿದ ಹಾಳೆಗಳೆಷ್ಟು? ಅವುಗಳಿಂದ 80 ಪುಟಗಳ ಎಷ್ಟು ಪುಸ್ತಕ ಮಾಡಬಹುದು? ಅವು ಯಾರಿಗೆ ಬೇಕಾಗಿವೆ?