ಸುಣ್ಣದ ಗೋಡೆಗೆ ಕಾಗದದ ಉಡುಗೆ

ಪ್ರಶ್ನೆ: ಹುನ್ನೂರಿನಲ್ಲಿ ನಮ್ಮದು ಸುಣ್ಣ ಬಳಿದ ಹಳೆಯ ಮನೆ. ಪಡಸಾಲೆಯ 10 ಅಡಿ ಅಗಲ, 10 ಅಡಿ ಎತ್ತರದ ಗೋಡೆಗೆ ನಾನೇ ವಾಲ್‌ಪೇಪರ್ ಅಂಟಿಸಬಹುದೇ?

ಅಂಟಿಸಬಹುದು, ಆದರೆ ತಮ್ಮ ಕೆಲಸದ ಬಹುಭಾಗವು ಆ ಸುಣ್ಣದಲ್ಲಿಯೇ ಇದೆ. ಅಂಗೈಯಿಂದ ಉಜ್ಜಿದರೆ ಬಿಳಿಹುಡಿ ಹತ್ತುವ ಗೋಡೆಯ ಮೇಲೆ ಎಷ್ಟೇ ಬೆಲೆಯ ಕಾಗದವನ್ನು ಹಚ್ಚಿದರೂ ಅದು ಸುಣ್ಣದ ಪದರದೊಡನೆಯೇ ಕಳಚಿ ಬೀಳುವುದಾದ್ದರಿಂದ, ಸಡಿಲವಾದುದನ್ನೆಲ್ಲ ಕೆರೆದು, ಬಿರುಕುಗಳಿಗೆ ಪುಟ್ಟಿ ತುಂಬಿ, ನಯವಾಗಿ ಉಜ್ಜಿ, ಪ್ರೈಮರ್ ಬಳಿದು ಸಂಪೂರ್ಣವಾಗಿ ಒಣಗಿಸತಕ್ಕದ್ದು. ತೇವದ ಶಂಕೆಯಿದ್ದಲ್ಲಿ ಒಂದು ಚದರಡಿ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಟೇಪಿನಿಂದ ಗೋಡೆಗೆ ಬಿಗಿದು ಎರಡು ದಿನಗಳ ತರುವಾಯ ನೋಡಿರಿ. ಒಳಗೆ ಹನಿ ಕಟ್ಟಿದ್ದರೆ, ಅಥವಾ ಗೋಡೆಯ ಬುಡ ಸವಳು ಹಿಡಿದು ಉದುರುತ್ತಿದ್ದರೆ, ಕಾಗದದ ವಿಚಾರವನ್ನು ಬದಿಗಿಟ್ಟು ಗೌಂಡಿಯನ್ನು ಕರೆಯಿಸುವುದೇ ಲೇಸು.

ಸಾಮಾನ್ಯ ಸುರುಳಿಯೊಂದು 21 ಅಂಗುಲ ಅಗಲ, 33 ಅಡಿ ಉದ್ದವಿದ್ದು ಮೂರು ಪಟ್ಟಿಗಳನ್ನು ಕೊಡುತ್ತದೆ. ತಮಗೆ ಬೇಕಾದವು ಆರು. ಲೆಕ್ಕಕ್ಕೆ ಎರಡು ಸುರುಳಿ ಸಾಕಾದರೂ ಹೂಬಳ್ಳಿಗಳನ್ನು ಕೂಡಿಸುವಲ್ಲಿ ಕಾಗದ ವ್ಯಯವಾಗುವುದರಿಂದ ಮೂರನ್ನು ಕೊಳ್ಳಿರಿ. ಹಳೆಯ ಮನೆಯ ಮೂಲೆಗಳನ್ನು ನಾನಂತೂ ನಂಬುವವನಲ್ಲ: ತೂಗುಗುಂಡು ಬಿಟ್ಟು, ಪೆನ್ಸಿಲಿನಿಂದ ಗೆರೆಯೆಳೆದು, ಮೊದಲ ಪಟ್ಟಿಯನ್ನು ಅದಕ್ಕೆ ಸರಿಯಾಗಿ ಹಚ್ಚಿ, ನಡುವಿನಿಂದ ಅಂಚಿನೆಡೆಗೆ ಒತ್ತುತ್ತ ಗಾಳಿಯನ್ನು ಹೊರಗೆಡಹಿರಿ. ಸ್ವಿಚ್‌ಬೋರ್ಡ್ ಬಿಚ್ಚುವ ಕಾರ್ಯವನ್ನು ಮಾತ್ರ ಇಲೆಕ್ಟ್ರಿಶಿಯನ್ನನಿಗೇ ಬಿಡಿರಿ.